ಬೆಳಕ ಕಡಿಮಿ ಇರೋ ಮನಿಗೆ ಯಾವ ಗಿಡಾ ತರಬೇಕು? ಬೆಳಗಾವಿಗೆ ಒಂದು, ವಿಜಾಪುರಕ್ಕ ಇನ್ನೊಂದು

ನರ್ಸರಿಗೆ ಹೋಗಿ "ಕತ್ತಲ ಖೋಲಿಗೆ ಯಾವ್ದರ ಗಿಡಾ ಕೊಡ್ರಿ" ಅಂದ್ರ ಸಾಲಾಗಿ ಹತ್ತು ಹನ್ನೆರಡು ಗಿಡಾ ತೋರಸ್ತಾರ, ಎಲ್ಲಾದಕ್ಕೂ ಹೇಳೋದು ಒಂದ, "ಇಂಡೋರ್ ಐತ್ರಿ, ಎಲ್ಲೆರ ಇಡ್ರಿ, ವಾರಕ್ಕೊಮ್ಮೆ ನೀರ ಹಾಕ್ರಿ". ಅಲ್ಲೇ ಗಡಬಡ ಆಗೋದು ನೋಡ್ರಿ. ಯಾಕಂದ್ರ ಬೆಳಗಾವಿ ಶಹಾಪುರದ ಓಣ್ಯಾಗ ಗ್ವಾಡಿಗೆ ಗ್ವಾಡಿ ಹತ್ತಿ ಕಟ್ಟಿದ ಮನಿಯ ನಡುವಿನ ಖೋಲಿ ಬ್ಯಾರೆ, ವಿಜಾಪುರ ಬಾಗಲಕೋಟಿ ಕಡೆ ದಪ್ಪ ಗ್ವಾಡಿ, ಸಣ್ಣ ಕಿಡಕಿ, ಮ್ಯಾಲೊಂದು ಬೆಳಕಿಂಡಿ ಇರೋ ಮೇಲ್ಮುದ್ದಿ ಮನಿಯ ಪಡಸಾಲಿ ಬ್ಯಾರೆ. ಎರಡೂ ಕತ್ತಲೇ, ಖರೇ. ಆದ್ರ ಒಂದರಾಗ ಜುಲೈ ತಿಂಗಳದಾಗ ಗ್ವಾಡಿಗೆ ಹಸಿ ಏರಿರ್ತೈತಿ, ಇನ್ನೊಂದರಾಗ ಮೇ ತಿಂಗಳದಾಗ ಫ್ಯಾನ್ ಗಾಳಿ ಸುದ್ದಾ ಬಿಸಿ ಬಡೀತೈತಿ. ಎರಡಕ್ಕೂ ಒಂದ ಗಿಡಾ, ಒಂದ ನೀರಿನ ಲೆಕ್ಕ ಹೆಂಗ ಹೊಂದ್ಯಾತು?

ನನ್ನ ಪ್ರಕಾರ ಬೆಳಕ ಕಡಿಮಿ ಇರೋ ಜಾಗಾಕ್ಕ ಗಿಡಾ ಆರಿಸೋವಾಗ ಬೆಳಕು ಎಷ್ಟೈತಿ ಅನ್ನೋದು ಮೊದಲನೇ ಪ್ರಶ್ನಿ, ಅಷ್ಟ. ನಿಮ್ಮ ನಳಕ್ಕ ಎಂಥಾ ನೀರ ಬರ್ತೈತಿ, ಮನ್ಯಾಗ ನೀರ ಹಾಕೋ ಕೈ ಯಾರ್ದು ಅನ್ನೋ ಇನ್ನೆರಡು ಪ್ರಶ್ನಿ ಅದಕ್ಕಿಂತ ದೊಡ್ಡವು. ಬೆಳಕ ಕಡಿಮಿ ಆದ್ರ ಗಿಡಾ ಆಹಾರ ಮಾಡ್ಕೊಳ್ಳೋದ ಕಡಿಮಿ, ಬೆಳೆಯೋದ ಕಡಿಮಿ, ನೀರ ಕುಡಿಯೋದೂ ಕಡಿಮಿ. ನಾವು ಮಾತ್ರ ಅಂಗಳದ ಗಿಡಕ್ಕ ಹಾಕಿದಂಗ ದಿನಾ ಮುಂಜಾನೆ ಒಂದ್ ತಂಬಗಿ ಸುರೀತೀವಿ. ಮಣ್ಣು ಒಣಗಂಗಿಲ್ಲ, ಬೇರಿಗೆ ಗಾಳಿ ಸಿಗಂಗಿಲ್ಲ, ಬೇರ ಕೊಳೀತಾವ, ಬೇರ ಕೊಳತ ಗಿಡದ ಎಲಿ ಬಾಡತಾವ, ಬಾಡಿದ್ದ ನೋಡಿ ಅಯ್ಯೋ ನೀರ ಕಡಿಮಿ ಆಗೇತಿ ಅಂತ ಇನ್ನೊಂದ್ ತಂಬಗಿ. ಕತ್ತಲಕ್ಕ ಸತ್ತ ಗಿಡಕ್ಕಿಂತ ಕತ್ತಲದಾಗ ನೀರ ಹೆಚ್ಚಾಗಿ ಸತ್ತ ಗಿಡಾನ ಜಾಸ್ತಿ.

ಮೊದಲ ಬೆಳಕ ಅಳ್ಕೊಳ್ರಿ. ನಮ್ಮ ಕಣ್ಣು ಇದರಾಗ ನಂಬೂವಂಗಿಲ್ಲ, ಅದು ಕತ್ತಲಕ್ಕ ಹೊಂದ್ಕೊಂಡು "ಏ ಬೆಳಕ ಐತಲ್ಲ" ಅಂತೈತಿ. ಬಯಲಾಗ ಮಧ್ಯಾಹ್ನದ ಬಿಸಲು ಸುಮಾರು 1 ಲಕ್ಷ ಲಕ್ಸ್ (ಬೆಳಕ ಅಳಿಯೋ ಮಾಪ) ಇರ್ತೈತಿ, ಅದ ಹೊತ್ತಿನ್ಯಾಗ ಮನಿ ಒಳಗ ಕಿಡಕಿಯಿಂದ ಆರೇಳು ಫೂಟ್ ಸರದ್ರ ನೂರರ ಲೆಕ್ಕಕ್ಕ ಇಳೀತೈತಿ. ಮೊಬೈಲಿನ್ಯಾಗ ಲಕ್ಸ್ ಮೀಟರ್ ಆಪ್ ಫ್ರೀ ಸಿಗ್ತಾವ, ಪೂರಾ ಬರೋಬ್ಬರಿ ಇರಂಗಿಲ್ಲ ಆದ್ರ ಅಂದಾಜಿಗೆ ಸಾಕು. ಲೈಟ್ ಆರಿಸಿ ಮಧ್ಯಾಹ್ನ 12ರ ಸುಮಾರಿಗೆ ಗಿಡಾ ಇಡೋ ಜಾಗಾದಾಗ ನೋಡ್ರಿ. 250ರಿಂದ 1000 ಲಕ್ಸ್ ಒಳಗ ಬಂದ್ರ ಅದು ಕಡಿಮಿ ಬೆಳಕಿನ ಜಾಗಾ, ನಾ ಮುಂದ ಹೇಳೋ ಗಿಡಾ ನಡೀತಾವ. 100ರ ಕೆಳಗ ಬಂದ್ರ ಯಾವ ಗಿಡಾನೂ ಅಲ್ಲಿ ಬಾಳಂಗಿಲ್ಲ, ಬಲ್ಬ್ ಹಾಕಬೇಕು ಇಲ್ಲಾ ಆಸೆ ಬಿಡಬೇಕು. ಆಪ್ ಬ್ಯಾಡ ಅಂದ್ರ ಬಿಳಿ ಹಾಳಿ ಇಟ್ಟು ಒಂದ್ ಫೂಟ್ ಮ್ಯಾಲ ಕೈ ಹಿಡೀರಿ, ನೆಳ್ಳಿನ ಅಂಚು ಮಸುಕಾಗಿ ಆದರೂ ಕಂಡ್ರ ಕೆಲಸಾ ಆಗ್ತೈತಿ, ನೆಳ್ಳ ಬೀಳ್ಲೇ ಇಲ್ಲ ಅಂದ್ರ ಅದು ಗಿಡದ ಜಾಗಾ ಅಲ್ಲ.

ಕಿಡಕಿ ದಿಕ್ಕಿನ ಬಗ್ಗೆ ಒಂದ್ ಮಾತು. ಯುರೋಪ್ ಅಮೆರಿಕಾದವ್ರು ಬರದಿದ್ದ ಓದಿ "ಉತ್ತರದ ಕಿಡಕಿ ಅಂದ್ರ ಬಿಸಲ ಬರೋದ ಇಲ್ಲ" ಅಂತ ಮಂದಿ ಹೇಳ್ತಾರ. ನಮ್ಮದು ಭೂಮಧ್ಯರೇಖೆಯಿಂದ 16 ಡಿಗ್ರಿ ಆಸುಪಾಸಿನ ಊರು, ಸುಮಾರು ಮೇ ಮೊದಲನೇ ವಾರದಿಂದ ಆಗಸ್ಟ್ ಮೊದಲನೇ ವಾರದ ತನಕ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಚೂರು ಉತ್ತರಕ್ಕ ಇರ್ತಾನ, ಹಿಂಗಾಗಿ ಬ್ಯಾಸಗಿ ಕೊನಿಗೆ ಮುಂಜಾನೆ ಸಂಜಿ ಉತ್ತರದ ಕಿಡಕ್ಯಾಗೂ ಬಿಸಲ ಹಣಕತೈತಿ. ದಕ್ಷಿಣದ ಕಿಡಕಿ ಉಲ್ಟಾ, ಡಿಸೆಂಬರ್ ಜನವರ್ಯಾಗ ಬಿಸಲ ಒಳತನಕ ಬರ್ತೈತಿ. ಪಡವಣ ಕಿಡಕಿ ಮಾತ್ರ ಏಪ್ರಿಲ್ ಮೇದಾಗ ಭಾಳ ಕೆಟ್ಟ, ಕಡಿಮಿ ಬೆಳಕಿನ ಗಿಡಾ ಅಲ್ಲಿ ಇಟ್ರ ಒಂದ ಮಧ್ಯಾಹ್ನದಾಗ ಎಲಿ ಸುಟ್ಟು ಬೂದು ಬಣ್ಣ ಆಗ್ತೈತಿ.

ಇನ್ನ ಗಿಡಗಳು. ಜಗಳಾ ಶುರು ಆಗೋದ ಸ್ನೇಕ್ ಪ್ಲಾಂಟ್ ತರಬೇಕೋ ಝಡ್‌ಝಡ್ ಪ್ಲಾಂಟ್ ತರಬೇಕೋ ಅಂತ. ಎರಡೂ ಆಫ್ರಿಕಾದವು, ಸ್ನೇಕ್ ಪ್ಲಾಂಟ್ ಪಶ್ಚಿಮದ್ದು, ಝಡ್‌ಝಡ್ ಪೂರ್ವದ್ದು, ಎರಡೂ ನೀರ ಕೂಡಿಸಿಟ್ಕೊಳ್ಳೋ ಗಿಡಾ. ಸ್ನೇಕ್ ಪ್ಲಾಂಟ್ ತನ್ನ ದಪ್ಪ ಎಲ್ಯಾಗ ಇಟ್ಕೊಂತೈತಿ, ಝಡ್‌ಝಡ್ ಮಣ್ಣಾಗ ಬಟಾಟಿ ಹಂಗ ಗಡ್ಡಿ ಮಾಡ್ಕೊಂಡು ಅದರಾಗ ಇಟ್ಕೊಂತೈತಿ. ಮಂದಿ ಎರಡನ್ನೂ "ಕತ್ತಲದ ಗಿಡಾ" ಅಂತಾರ, ನಾ ಒಪ್ಪಂಗಿಲ್ಲ. ಸ್ನೇಕ್ ಪ್ಲಾಂಟ್ ಕತ್ತಲದಾಗ ಸಾಯಂಗಿಲ್ಲ ಅನ್ನೋದು ಖರೇ, ಆದ್ರ ಬೆಳಿಯೋದೂ ಇಲ್ಲ, ವರ್ಷಗಟ್ಟಲೆ ತಂದಾಗ ಎಷ್ಟಿತ್ತೋ ಅಷ್ಟ ನಿಂತಿರ್ತೈತಿ, ಹೊಸಾ ಎಲಿ ಬಂದ್ರೂ ಸಣಕಲ ಆಗಿ ವಾಲ್ತೈತಿ. ಅದಕ್ಕ ಖರೇ ಇಷ್ಟ ಇರೋದು ಚಲೋ ಬೆಳಕು. ಝಡ್‌ಝಡ್ ಅದೇ ಮೂಲ್ಯಾಗ ನಿಧಾನಕ್ಕ ಆದರೂ ಹೊಸಾ ಕಡ್ಡಿ ಬಿಡ್ತೈತಿ, ಎಲಿ ಹೊಳಪು ಕಳ್ಕೊಳ್ಳಂಗಿಲ್ಲ. ಹಿಂಗಾಗಿ ಪೂರಾ ಒಳಗಿನ ಖೋಲಿಗೆ ಝಡ್‌ಝಡ್, ಕಿಡಕಿ ಇದ್ದೂ ಬೆಳಕ ಸ್ವಲ್ಪ ಬರೋ ಖೋಲಿಗೆ ಸ್ನೇಕ್, ಇದು ನನ್ನ ತೀರ್ಮಾನ.

ರೊಕ್ಕದ ಲೆಕ್ಕದಾಗ ಮಾತ್ರ ಸ್ನೇಕ್ ಪ್ಲಾಂಟ್ ಗೆಲ್ತೈತಿ. ಅದು ಬುಡದಾಗ ಮರಿ ಹಾಕತೈತಿ, ಬಾಜು ಮನಿ ವೈನಿಯವರ ಕಡೆ ಇದ್ರ ಒಂದ್ ಮರಿ ಕಿತ್ಕೊಂಡ ಬಂದ್ರ ಆತು, ರೊಕ್ಕಾನ ಬ್ಯಾಡ. ಒಂದ ಜ್ವಾಕಿ ಏನಂದ್ರ, ಹಳದಿ ಅಂಚು ಇರೋ ಜಾತಿ ಬೇಕಂದ್ರ ಮರಿನೇ ಬೇರ್ಪಡಿಸಿ ಹಚ್ಚಬೇಕು, ಎಲಿ ಕತ್ತರಿಸಿ ಮಣ್ಣಾಗ ಊರಿದ್ರ ಬರೋ ಹೊಸಾ ಗಿಡಾ ಬರೇ ಹಸರ ಬರ್ತೈತಿ, ಹಳದಿ ಹೋಗ್ತೈತಿ. ಝಡ್‌ಝಡ್ ಎಲಿಯಿಂದ ಬೆಳಸಾಕ ತಿಂಗಳುಗಟ್ಟಲೆ ಬೇಕು, ಅದಕ್ಕ ನರ್ಸರ್ಯಾಗೂ ತುಟ್ಟಿ, ಕರೇ ಎಲಿಯ ಜಾತಿ ಅಂತೂ ಕೇಳಬ್ಯಾಡ್ರಿ. ನೀರು ಝಡ್‌ಝಡ್‌ಗೆ ಕತ್ತಲ ಖೋಲ್ಯಾಗ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು, ಬೆಳಗಾವಿ ಮಳಿಗಾಲದಾಗ ಇನ್ನೂ ತಡಾ ಆದ್ರೂ ನಡೀತೈತಿ. ಸ್ನೇಕ್ ಪ್ಲಾಂಟ್ ಬೆಳಗಾವಿ ಜೂನ್ ಜುಲೈದಾಗ ಬುಡಾ ಮೆತ್ತಗಾಗಿ ನಾತ ಹೊಡೀತೈತಿ, ಅದು ಪೂರಾ ನೀರಿನ ತಪ್ಪು. ವಿಜಾಪುರದಾಗ ಅದೇ ಗಿಡಾ ಅಗದಿ ಆರಾಮ. (ಹೊಸಾ ಪುಸ್ತಕದಾಗ ಸ್ನೇಕ್ ಪ್ಲಾಂಟ್ ಹೆಸರು ಡ್ರಸೀನಾ ಅಂತ ಐತಿ, 2017ರಾಗ ಸಾನ್ಸೆವಿರಿಯಾ ಕುಲಾನ ಡ್ರಸೀನಾದಾಗ ಸೇರಿಸ್ಯಾರ, ಆನ್‌ಲೈನ್ ತರಸೋವಾಗ ಎರಡು ಹೆಸರು ಕಂಡ್ರ ಗೊಂದಲ ಮಾಡ್ಕೋಬ್ಯಾಡ್ರಿ.)

ಬಳ್ಳಿ ಬೇಕನ್ನೋರಿಗೆ ಮನಿ ಪ್ಲಾಂಟ್, ಸಿಂಗೋನಿಯಂ, ಹೃದಯದಾಕಾರದ ಎಲಿಯ ಫಿಲೊಡೆಂಡ್ರಾನ್, ಈ ಮೂರರಾಗ ಆರಿಸಬೇಕು. ಮನಿ ಪ್ಲಾಂಟ್ ಬಗ್ಗೆ ಹೇಳೋದ ಬ್ಯಾಡ, ಪೆಸಿಫಿಕ್ ಸಾಗರದ ಮೊರೆಯಾ ಅನ್ನೋ ಸಣ್ಣ ದ್ವೀಪದ್ದು, ಈಗ ನಮ್ಮ ಅಡಗಿಮನಿ ಕಟ್ಟಿ ಮ್ಯಾಲ ಬಾಟ್ಲ್ಯಾಗ ಕುಂತೈತಿ. ಸೋವಿ, ಎಲ್ಲೂ ಸಿಗ್ತೈತಿ, ನೀರ ಬೇಕಾದಾಗ ಎಲಿ ಮೆತ್ತಗ ಮಾಡಿ ತಾನ ಹೇಳತೈತಿ. ಕತ್ತಲದಾಗ ಅದರ ಹಳದಿ ಬಿಳಿ ಪಟ್ಟಿ ಮಾಯ ಆಗಿ ಬರೇ ಹಸರ ಆಗ್ತೈತಿ, ಎಲಿ ಸಣ್ಣ ಆಗ್ತಾವ, ಎಲಿಗೆ ಎಲಿಗೆ ನಡುವಿನ ದಂಟು ಉದ್ದ ಆಗ್ತೈತಿ. ಅದಕ್ಕ ಬಿಳಿ ಮಚ್ಚಿ ಜಾಸ್ತಿ ಇರೋ ಮಾರ್ಬಲ್ ಕ್ವೀನ್ ಅಂಥಾವು ಕತ್ತಲಕ್ಕ ತಂದು ರೊಕ್ಕಾ ಹಾಳ ಮಾಡ್ಕೋಬ್ಯಾಡ್ರಿ, ಮೊದಲಿಂದ ಹಸರ ಇರೋದ ತರ್ರಿ. ಫಿಲೊಡೆಂಡ್ರಾನ್ ಕತ್ತಲದಾಗ ಮನಿ ಪ್ಲಾಂಟ್‌ಗಿಂತ ಚೂರು ಚಂದ ಕಾಣ್ತೈತಿ, ಎಲಿ ಆಕಾರ ಕೆಡಂಗಿಲ್ಲ, ಆದ್ರ ನಮ್ಮ ಕಡೆ ಸಣ್ಣ ಊರಿನ ನರ್ಸರ್ಯಾಗ ಹುಡುಕಬೇಕಾಗ್ತೈತಿ. ಸಿಂಗೋನಿಯಂಗೆ ಗಾಳ್ಯಾಗ ಹಸಿ ಬೇಕು, ಬೆಳಗಾವ್ಯಾಗ ಹುಲುಸಾಗಿ ಬರ್ತೈತಿ, ವಿಜಾಪುರದ ಬ್ಯಾಸಗ್ಯಾಗ ಎಲಿ ಅಂಚು ಒಣಗಿಸ್ಕೊಂಡು ಕುಂಡ್ರತೈತಿ.

ಬಾಟ್ಲಿ ನೀರಾಗ ಮನಿ ಪ್ಲಾಂಟ್ ಇಡೋರು ಒಂದ ನೆನಪ ಇಟ್ಕೊಳ್ರಿ, ನಿಂತ ತಿಳಿ ನೀರು ಅಂದ್ರ ಡೆಂಗಿ ಹರಡೋ ಸೊಳ್ಳಿಗೆ ತತ್ತಿ ಇಡೋ ಜಾಗಾ. ವಾರದೊಳಗ ನೀರ ಚೆಲ್ಲಿ ಬಾಟ್ಲಿ ಒಳಗಿನ ಗೋಡಿ ತಿಕ್ಕಿ ತೊಳದು ಹೊಸಾ ನೀರ ಹಾಕ್ರಿ, ಬಾಯಿಗೆ ಹತ್ತಿ ತುರುಕಿದ್ರೂ ಚಲೋ. ಲಕ್ಕಿ ಬಾಂಬೂಗೂ ಇದ ಮಾತು. ಅದು ಬಿದಿರಲ್ಲ ಬಿಡ್ರಿ, ಅದೂ ಡ್ರಸೀನಾನ, ಆಫ್ರಿಕಾದ್ದು.

ಡ್ರಸೀನಾ ಬಂತಂದ್ರ ನೀರಿನ ಮಾತು ಬರಬೇಕು, ಯಾಕಂದ್ರ ನಮ್ಮ ಮೂರು ಜಿಲ್ಲಾಕ್ಕ ಇದ ದೊಡ್ಡ ವಿಷಯ. ಬಾಗಲಕೋಟಿ ವಿಜಾಪುರ ಜಿಲ್ಲಾದ ಎಷ್ಟೋ ಊರಾಗ ಬೋರಿನ ನೀರು ಸವಳ, ಕೆಲವು ಕಡೆ ಫ್ಲೋರೈಡ್ ಅಂಶಾನೂ ಜಾಸ್ತಿ. ಡ್ರಸೀನಾ, ಲಕ್ಕಿ ಬಾಂಬೂ, ಸ್ಪೈಡರ್ ಪ್ಲಾಂಟ್, ಪೀಸ್ ಲಿಲಿ, ಇವಕ್ಕ ಫ್ಲೋರೈಡ್ ಆಗಿ ಬರಂಗಿಲ್ಲ, ಎಲಿ ತುದಿ ಕಂದು ಬಣ್ಣಾಗಿ ಒಣಗತೈತಿ, ಕ್ರಮೇಣ ಒಳಗ ಸರೀತೈತಿ. "ನೀರು ರಾತ್ರಿ ಬಕೆಟ್‌ನ್ಯಾಗ ಇಟ್ಟು ಮುಂಜಾನೆ ಹಾಕ್ರಿ" ಅಂತ ಎಲ್ಲಾರೂ ಹೇಳೋದು ಕ್ಲೋರಿನ್‌ಗೆ, ಫ್ಲೋರೈಡ್ ಹಂಗ ಆರಿ ಹೋಗಂಗಿಲ್ಲ, ಉಪ್ಪಿನ ಅಂಶನೂ ಹೋಗಂಗಿಲ್ಲ. ಆರ್‌ಒ ಫಿಲ್ಟರಿನ ಚಲೋ ನೀರು ಹಾಕಬಹುದು, ಪೈಪಿನಿಂದ ಹೊರಗ ಬರೋ ವೇಸ್ಟ್ ನೀರು ಮಾತ್ರ ಈ ಗಿಡಕ್ಕ ಹಾಕಬ್ಯಾಡ್ರಿ, ಮೂಲ ನೀರಿಗಿಂತ ಹೆಚ್ಚು ಉಪ್ಪು ಅದರಾಗ ಇರ್ತೈತಿ. ಬ್ಯಾಸಗ್ಯಾಗ ಕೂಲರ್ ತಳದಾಗ ಉಳದ ನೀರೂ ಅಷ್ಟ, ನೀರ ಆವಿ ಆಗಿ ಉಪ್ಪೆಲ್ಲಾ ತಳದಾಗ ಕೂಡಿರ್ತೈತಿ, ಹಾಳಾಗಬಾರದು ಅಂತ ಅದನ್ನ ತಂದು ಗಿಡಕ್ಕ ಸುರಿಯೋರು ಭಾಳ ಮಂದಿ ಅದಾರ. ಎಸಿಯಿಂದ ತೊಟ್ಟಿಕ್ಕೋ ನೀರು ಬ್ಯಾರೆ, ಅದು ಗಾಳ್ಯಾಗಿನ ಹಸಿ ಇಳದದ್ದು, ಉಪ್ಪು ಇಲ್ಲ, ಹಾಕಬಹುದು. ಮಳಿ ನೀರು ಹಿಡದಿಟ್ರ ಎಲ್ಲಾಕಿಂತ ಪಾಡ. ಇನ್ನೊಂದು, ಹೊಲಾ ಇರೋರ ಮನ್ಯಾಗ ಸೂಪರ್ ಫಾಸ್ಫೇಟ್ ಚೀಲ ಇದ್ದ ಇರ್ತೈತಿ, ಅದರಾಗೂ ಫ್ಲೋರೈಡ್ ಇರ್ತೈತಿ, ಚಿಟಿಕಿ ಅಂತ ಡ್ರಸೀನಾಕ್ಕ ಹಾಕೋ ಉಸಾಬರಿ ಬ್ಯಾಡ.

ಹಿಂಗಾಗಿ ಅಗ್ಲೋನೀಮಾ ಮತ್ತ ಪೀಸ್ ಲಿಲಿ ನಡುವ ಆರಿಸೋದಿದ್ರ ಊರು ನೋಡಿ ಆರಿಸ್ರಿ. ಬೆಳಗಾವ್ಯಾಗ, ಅದರಾಗೂ ಟಿಳಕವಾಡಿ, ಕ್ಯಾಂಪ್ ಕಡೆ ದೊಡ್ಡ ಮರಾ ಇರೋ ಓಣ್ಯಾಗ ಪೀಸ್ ಲಿಲಿ ಬಾಳ ಚಂದ ಬರ್ತೈತಿ, ಹಸಿ ಗಾಳಿ, ಥಂಪು, ಸೀ ನೀರು, ಅದಕ್ಕ ಬೇಕಾದ್ದೆಲ್ಲಾ ಐತಿ. ನೀರಡಸಿದಾಗ ಪೂರಾ ಸೊರಗಿ ಬೀಳ್ತೈತಿ, ನೀರ ಹಾಕಿದ್ರ ಕೆಲವು ತಾಸಿನ್ಯಾಗ ಎದ್ದ ನಿಂದರತೈತಿ, ಹಿಂಗಾಗಿ ಯಾವಾಗ ನೀರ ಹಾಕಬೇಕು ಅನ್ನೋದು ಗೊತ್ತಾಗದವರಿಗೆ ಇದು ಚಲೋ ಮಾಸ್ತರ. ಆದ್ರ ಬಿಳಿ ಹೂವಿನ ಆಸೆಗೆ ಕತ್ತಲ ಮೂಲಿಗೆ ತಂದ್ರ ಬರೇ ಎಲಿ ನೋಡ್ಕೊಂತ ಕುಂಡ್ರಬೇಕು, ಹೂವಿಗೆ ಇನ್ನಷ್ಟು ಬೆಳಕ ಬೇಕು. ವಿಜಾಪುರದಾಗ ನಾ ಪೀಸ್ ಲಿಲಿ ಬ್ಯಾಡ ಅಂತೀನಿ, ಸವಳ ನೀರು ಮತ್ತ ಒಣಾ ಗಾಳಿ ಕೂಡಿ ಎಲಿ ತುದಿ ಸುಡತಾವ, ಕತ್ತರಿಸಿ ಕತ್ತರಿಸಿ ಸಾಕಾಗ್ತೈತಿ. ಕೂಲರ್ ಇರೋ ಖೋಲ್ಯಾಗ ಮಾತ್ರ ಬ್ಯಾಸಗ್ಯಾಗೂ ನಡೀತೈತಿ, ಅಲ್ಲಿ ಗಾಳಿ ಹಸಿ ಇರ್ತೈತಿ, ಆದ್ರ ನೇರ ಕೂಲರ್ ಮುಂದ ಇಡಬ್ಯಾಡ್ರಿ. ಅಗ್ಲೋನೀಮಾ ಇದಕ್ಕಿಂತ ಗಟ್ಟಿ. ಹಸರ ಮ್ಯಾಲ ಬೆಳ್ಳಿ ಬಣ್ಣದ ಪಟ್ಟಿ ಇರೋದು ಕಡಿಮಿ ಬೆಳಕಿಗೆ ಬರೋಬ್ಬರಿ, ಕೆಂಪು ಗುಲಾಬಿ ಬಣ್ಣದ್ದು ನೋಡಾಕ ಭಾರಿ ಕಾಣ್ತೈತಿ ಆದ್ರ ಕತ್ತಲದಾಗ ಆ ಬಣ್ಣ ಮಂಕಾಗ್ತೈತಿ, ಬಣ್ಣಕ್ಕ ಹೆಚ್ಚಿನ ರೊಕ್ಕಾ ಕೊಟ್ಟಿದ್ದು ಎಲ್ಲಾ ಹೋದಂಗ. ಅಗ್ಲೋನೀಮಾಕ್ಕ ಥಂಡಿ ಆಗಂಗಿಲ್ಲ, ಡಿಸೆಂಬರ್ ಜನವರ್ಯಾಗ ಬೆಳಗಾವ್ಯಾಗ ರಾತ್ರಿ ತೆರದ ಕಿಡಕಿ ಬಾಜು ಇಡಬ್ಯಾಡ್ರಿ.

ಪಾಮ್ ಗಿಡದ ಬಗ್ಗೆ ನನಗ ಸ್ವಲ್ಪ ಸಿಟ್ಟೈತಿ. ಅರೇಕಾ ಪಾಮ್ ಎಲ್ಲಾ ಕಡೆ "ಇಂಡೋರ್" ಅಂತ ಮಾರ್ತಾರ, ಮದವಿ ಮಂಟಪದಾಗ ನೋಡಿ ಮಂದಿ ಮನಿಗೆ ತರ್ತಾರ, ಕತ್ತಲ ಮೂಲ್ಯಾಗ ಇಟ್ಟು ನಾಲ್ಕಾರು ತಿಂಗಳದಾಗ ಒಂದೊಂದ ಗರಿ ಹಳದಿ ಆಗಿ ಕಡೀಕ ಕಡ್ಡಿ ಉಳೀತಾವ. ಅದಕ್ಕ ಚಲೋ ಬೆಳಕು ಬೇಕು, ಬಿಸಲ ನೇರ ಬೀಳದಿದ್ರೂ. ಖರೇ ಕಡಿಮಿ ಬೆಳಕು ತಡಕೊಳ್ಳೋ ಪಾಮ್ ಅಂದ್ರ ರೇಪಿಸ್ ಪಾಮ್ ಮತ್ತ ಪಾರ್ಲರ್ ಪಾಮ್. ರೇಪಿಸ್ ಬಾಳ ನಿಧಾನ ಬೆಳೀತೈತಿ, ಅದಕ್ಕ ತುಟ್ಟಿ, ಆದ್ರ ಒಮ್ಮೆ ತಂದ್ರ ವರ್ಷಾನುಗಟ್ಟಲೆ ಹಂಗ ಇರ್ತೈತಿ, ರೊಕ್ಕಾ ಇದ್ದವ್ರು ಎರಡು ಅರೇಕಾ ಬದ್ಲಿ ಒಂದ್ ರೇಪಿಸ್ ತರೋದ ಚಲೋ. ಬೋಸ್ಟನ್ ಫರ್ನ್ ಬೆಳಗಾವ್ಯಾಗ ಮಳಿಗಾಲದಾಗ ಹುಚ್ಚು ಹಿಡದಂಗ ಬೆಳೀತೈತಿ, ಆಕಡೆ ಖಾನಾಪುರ ಜಾಂಬೋಟಿ ಅಡವ್ಯಾಗ ಫರ್ನ್ ಜಾತಿ ತಾವ ಬೆಳೀತಾವ ಅಂದ್ರ ಹವಾ ಎಂಥಾದ್ದು ಲೆಕ್ಕ ಹಾಕ್ರಿ (ಅಡವ್ಯಾಗಿಂದ ಕಿತ್ಕೊಂಡ ಬರಬ್ಯಾಡ್ರಿ ಮತ್ತ). ಬಾಗಲಕೋಟಿ ವಿಜಾಪುರದಾಗ ಫರ್ನ್ ಅಂದ್ರ ಬಚ್ಚಲ ಮನಿ ಕಿಡಕ್ಯಾಗ, ಅಷ್ಟ, ಬ್ಯಾರೆ ಎಲ್ಲೂ ಅಲ್ಲ.

ಇವು ಯಾವೂ ಕತ್ತಲಕ್ಕ ಅಲ್ಲ: ತುಳಸಿ, ಜೇಡ್, ಅಲೋವೆರಾ, ಅಡೇನಿಯಂ, ಕ್ರೋಟನ್. ತುಳಸಿ ಅಂಗಳದ ಕಟ್ಟಿ ಮ್ಯಾಲಿಂದ ತಂದು ದೇವರ ಖೋಲ್ಯಾಗ ಇಟ್ರ ಭಕ್ತಿ ಉಳೀತೈತಿ, ಗಿಡಾ ಉಳ್ಯಂಗಿಲ್ಲ.

ವಾಟ್ಸಾಪಿನ್ಯಾಗ ತಿರಗೋ ಎರಡು ಮಾತು ಇಲ್ಲೇ ಮುಗಸ್ತೀನಿ. ಒಂದು, ಗಿಡಾ ಮನಿ ಗಾಳಿ ಸ್ವಚ್ಛ ಮಾಡ್ತಾವ ಅನ್ನೋದು. 1989ರಾಗ ನಾಸಾದವ್ರು ಗಿಡಗಳ್ನ ಮುಚ್ಚಿದ ಸಣ್ಣ ಪೆಟ್ಟಿಗ್ಯಾಗ ಇಟ್ಟು ಪ್ರಯೋಗಾ ಮಾಡಿದ್ರು, ಪೆಟ್ಟಿಗಿ ಒಳಗಿನ ಕೆಟ್ಟ ಅನಿಲ ಕಡಿಮಿ ಆಗಿದ್ದು ಖರೇ. ಆದ್ರ ಮನಿ ಪೆಟ್ಟಿಗಿ ಅಲ್ಲಲ್ರಿ, ಕಿಡಕಿ ಬಾಗಲಾ ಅದಾವ. 2019ರಾಗ ಬಂದ ಒಂದ್ ಪರಿಶೀಲನಾದಾಗ ಹಳೇ ಪ್ರಯೋಗಗಳ ಲೆಕ್ಕ ಎಲ್ಲಾ ತಿರುವಿ ನೋಡಿದ್ರ, ಕಿಡಕಿ ಗಾಳಿ ಮಾಡೋ ಕೆಲಸಕ್ಕ ಸರಿಗಟ್ಟಬೇಕಂದ್ರ ಒಂದ ಚದರ ಮೀಟರ್ ಜಾಗಾಕ್ಕ 10ರಿಂದ 1000 ಗಿಡಾ ಬೇಕು ಅಂತ ಬಂತು. ಕಿಡಕಿ ತೆರೀರಿ, ಮುಗೀತು. ಇನ್ನೊಂದು, ಸ್ನೇಕ್ ಪ್ಲಾಂಟ್ ರಾತ್ರಿ ಆಕ್ಸಿಜನ್ ಕೊಡತೈತಿ ಅನ್ನೋದು. ಅದು ನೀರ ಉಳಸಾಕ ರಾತ್ರಿ ಹೊತ್ತ ಎಲಿ ರಂಧ್ರ ತೆರದು ಕಾರ್ಬನ್ ಡೈಆಕ್ಸೈಡ್ ಒಳಗ ತಗೊಂಡು ಕೂಡಿಸಿಟ್ಕೊಂತೈತಿ, ಅದಕ್ಕ ಈ ಸುದ್ದಿ ಹುಟ್ಟಿರಬೇಕು. ಆಕ್ಸಿಜನ್ ತಯಾರಾಗೋದು ಬೆಳಕು ಇದ್ದಾಗ, ಬ್ಯಾರೆ ಗಿಡದ ಹಂಗ.

ಮನ್ಯಾಗ ತೆವಳೋ ಕೂಸು, ಬೆಕ್ಕು, ನಾಯಿ ಇದ್ರ ಇಡೀ ಲೆಕ್ಕ ಬದಲಾಗ್ತೈತಿ. ಮನಿ ಪ್ಲಾಂಟ್, ಝಡ್‌ಝಡ್, ಅಗ್ಲೋನೀಮಾ, ಪೀಸ್ ಲಿಲಿ, ಸಿಂಗೋನಿಯಂ, ಫಿಲೊಡೆಂಡ್ರಾನ್, ಇವೆಲ್ಲಾದರಾಗೂ ಕ್ಯಾಲ್ಸಿಯಂ ಆಕ್ಸಲೇಟ್ ಅನ್ನೋ ಸೂಜಿ ಮೊನೆಯ ಹಳಕು ಇರ್ತಾವ, ಕಚ್ಚಿದ್ರ ಬಾಯಿ ನಾಲಿಗಿ ಉರೀತೈತಿ, ಬಾವು ಬರ್ತೈತಿ. ಹಳೇ ಮನಿಗಳಾಗ ಇರೋ ದೊಡ್ಡ ಮಚ್ಚಿ ಎಲಿಯ ಡಿಫೆನ್‌ಬೇಕಿಯಾ ಇದರಾಗ ಎಲ್ಲಾಕಿಂತ ತ್ರಾಸ ಕೊಡೋದು, ಕೂಸು ಇರೋ ಮನ್ಯಾಗ ಇಡಲೇಬ್ಯಾಡ್ರಿ. ಅಂಥಾ ಮನಿಗೆ ಸ್ಪೈಡರ್ ಪ್ಲಾಂಟ್, ಪಾರ್ಲರ್ ಪಾಮ್, ರೇಪಿಸ್, ಬೋಸ್ಟನ್ ಫರ್ನ್ ಚಲೋ, ಇವು ವಿಷ ಅಲ್ಲ. ಸ್ಪೈಡರ್ ಪ್ಲಾಂಟ್‌ಗೆ ಕಿಡಕಿ ಹತ್ರದ ಜಾಗಾ ಬೇಕು ಮತ್ತ ಫ್ಲೋರೈಡ್ ನೀರು ಆಗಂಗಿಲ್ಲ, ಅದನ್ನ ಮ್ಯಾಲೆ ಹೇಳೀನಿ.

ಮಣ್ಣಿನ ವಿಷಯಕ್ಕ ಬರ್ರಿ. ನಮ್ಮ ಕಡೆ ಎರಿ ಮಣ್ಣು ಜ್ವಾಳಾ ಹತ್ತಿಗೆ ಎಷ್ಟು ಚಲೋನೋ ಮನಿ ಒಳಗಿನ ಪಾಟಿಗೆ ಅಷ್ಟ ಕೆಟ್ಟ. ನೀರ ಬಿದ್ರ ಉಬ್ಬತೈತಿ, ಒಣಗಿದ್ರ ಬಿರೀತೈತಿ, ಹಸಿ ಇದ್ದಾಗ ಬೇರಿಗೆ ಗಾಳಿನೇ ಹೋಗಂಗಿಲ್ಲ, ಕತ್ತಲದಾಗ ಅದು ಒಣಗೋದ ಯಾವಾಗ? ಮಸಾರಿ ಮಣ್ಣು ಒಂದ್ ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಒಂದೂವರಿ ಎರಡು ಪಾಲು, ಎರಿಹುಳ ಗೊಬ್ಬರ ಒಂದ್ ಪಾಲು, ದಪ್ಪ ಉಸುಕು ಇಲ್ಲಾ ಇಟ್ಟಂಗಿ ಚೂರು ಒಂದ್ ಪಾಲು, ಇಷ್ಟ ಕಲಸ್ರಿ. ಬೆಳಗಾವ್ಯಾಗ ಕೊಕೊಪೀಟ್ ಕಡಿಮಿ ಮಾಡಿ ಇಟ್ಟಂಗಿ ಚೂರು ಹೆಚ್ಚು, ಸುಟ್ಟ ಭತ್ತದ ಹೊಟ್ಟು ಸಿಕ್ರ ಅದನ್ನೂ ಹಾಕ್ರಿ, ಖಾನಾಪುರ ಕಡೆ ಭತ್ತಾ ಬೆಳೀತಾರ ಅದಕ್ಕ ಬರಾ ಇಲ್ಲ. ಕುಂಡ ಮಣ್ಣಿಂದೋ ಪ್ಲಾಸ್ಟಿಕ್ಕೋ ಅಂದ್ರ, ಬೆಳಗಾವಿಗೆ ಮಣ್ಣಿಂದ, ಅದರ ಗ್ವಾಡಿ ಮೂಲಕ ನೀರ ಆರತೈತಿ, ನೀರ ಹೆಚ್ಚು ಹಾಕೋ ಕೈಯಿದ್ರ ಅಂತೂ ಮಣ್ಣಿಂದ ಬೇಕ. ಕುಂಬಾರಿಕೆ ಕಲಿಸೋ ಸರ್ಕಾರಿ ಸಂಸ್ಥಾ ಖಾನಾಪುರದಾಗ ಐತಿ, ಆ ಭಾಗದ ಮಣ್ಣು ಅಷ್ಟ ಹೆಸರಾದ್ದು, ಆಕಡೆ ಹೋದಾಗ ಕುಂಡ ನೋಡ್ಕೊಂಡ ಬರ್ರಿ. ವಿಜಾಪುರಕ್ಕ ಸ್ನೇಕ್, ಝಡ್‌ಝಡ್ ಬಿಟ್ಟು ಉಳದಿದ್ದಕ್ಕ ಪ್ಲಾಸ್ಟಿಕ್ ನಡೀತೈತಿ. ತೂತು ಮಾತ್ರ ಇರ್ಲೇಬೇಕು. ತೂತು ಇಲ್ಲದ ಚಂದದ ಸೆರಾಮಿಕ್ ಪಾಟಿನ್ಯಾಗ ನೇರ ಗಿಡಾ ಹಚ್ಚಬ್ಯಾಡ್ರಿ, ಒಳಗ ತೂತಿನ ಪ್ಲಾಸ್ಟಿಕ್ ಪಾಟು ಇಳಿಸಿಡ್ರಿ.

ನೀರ ಹಾಕೋ ಮೊದ್ಲು ಊದಿನಕಡ್ಡಿ ಉರದು ಉಳದ ಕಡ್ಡಿ ಐತಲ್ಲ, ಅದನ್ನ ಮಣ್ಣಾಗ ಆಳಕ್ಕ ಚುಚ್ಚಿ ತಗೀರಿ, ಮಣ್ಣು ಹತ್ಕೊಂಡ ಬಂತಂದ್ರ ಇವತ್ತು ನೀರ ಬ್ಯಾಡ. ಮನ್ಯಾಗ ಅವ್ವಾರೋ ಅತ್ತಿಯವ್ರೋ ದಿನಾ ನೀರ ಹಾಕದಿದ್ರ ಸಮಾಧಾನ ಆಗದವ್ರಿದ್ರ ಅವ್ರ ಕೂಡ ವಾದಾ ಮಾಡಬ್ಯಾಡ್ರಿ, ಸ್ನೇಕ್ ಪ್ಲಾಂಟ್ ಝಡ್‌ಝಡ್ ಬಿಟ್ಟು ಬಾಟ್ಲಿ ನೀರಿನ ಮನಿ ಪ್ಲಾಂಟ್ ಇಟ್ಬಿಡ್ರಿ, ಅಲ್ಲಿ ನೀರ ಹೆಚ್ಚಾಗೋ ಪ್ರಶ್ನೀನ ಇಲ್ಲ. ಚಹಾ ಸೋಸಿದ ಪುಡಿ, ಅಕ್ಕಿ ತೊಳದ ನೀರು ಹೊರಗಿನ ಗಿಡಕ್ಕ ಹೋಗ್ಲಿ. ಒಳಗ ಹಾಕಿದ್ರ ಮಣ್ಣು ಹಸೇನ ಇದ್ದು ಸಣ್ಣ ಕರೇ ನೊಣಾ ಹುಟ್ಟಿ ಮಾರಿ ಸುತ್ತಾ ಹಾರಾಡತಾವ.

100 ಲಕ್ಸ್ ಸುದ್ದಾ ಇಲ್ಲದ ಜಾಗಾಕ್ಕ ಬಲ್ಬ್ ಅಂದಿದ್ನಲ್ಲ, ನೇರಳೆ ಬಣ್ಣದ ಗ್ರೋ ಲೈಟ್ ಬೇಕಂತೇನಿಲ್ಲ, ಸಾದಾ ಬಿಳಿ 9 ವ್ಯಾಟಿನ ಎಲ್‌ಇಡಿ ಸಾಕು, ಆದ್ರ ಗಿಡಕ್ಕ ಒಂದ್ ಫೂಟ್ ಹತ್ರ ಇರಬೇಕು. ಅಷ್ಟ ಹತ್ರದಾಗ ಸಾವಿರದ ಆಸುಪಾಸು ಲಕ್ಸ್ ಸಿಗ್ತೈತಿ, ದೂರ ಎರಡ ಪಟ್ಟು ಆದ್ರ ಬೆಳಕು ಕಾಲು ಭಾಗಕ್ಕ ಇಳೀತೈತಿ, ಅದಕ್ಕ ಮ್ಯಾಲ ಛತ್ತಿಗೆ ಇರೋ ಬಲ್ಬಿಂದ ಗಿಡಕ್ಕ ಏನೂ ಉಪಯೋಗಿಲ್ಲ. ದಿನಾ 12 ತಾಸು ಹಚ್ಚಿದ್ರೂ ತಿಂಗಳಿಗೆ 3 ಯೂನಿಟ್ ಚಿಲ್ಲರ, ಹೆಸ್ಕಾಂ ಬಿಲ್ಲಿನ್ಯಾಗ ಕಣ್ಣಿಗೆ ಬೀಳಂಗಿಲ್ಲ.

ಬಲ್ಬೂ ಬ್ಯಾಡ ಅನ್ನೋರಿಗೆ ಇನ್ನೊಂದ್ ದಾರಿ, ಒಂದ ಜಾತಿಯ ಎರಡು ಗಿಡಾ ತರೋದು, ಒಂದು ಕಿಡಕಿ ಹತ್ರ ಇನ್ನೊಂದು ಕತ್ತಲ ಮೂಲ್ಯಾಗ, ಎರಡು ಮೂರು ವಾರಕ್ಕೊಮ್ಮೆ ಅದಲು ಬದಲು. ಇದು ಅಗ್ಲೋನೀಮಾ, ಮನಿ ಪ್ಲಾಂಟ್‌ಗೆ ಭಾಳ ಚಲೋ ನಡೀತೈತಿ. ಮತ್ತ ಧೂಳು. ವಿಜಾಪುರ ಬಾಗಲಕೋಟಿ ಧೂಳು ನಿಮಗ ಗೊತ್ತ ಐತಿ, ಮೊದಲ ಕಡಿಮಿ ಇರೋ ಬೆಳಕನ್ನ ಎಲಿ ಮ್ಯಾಲಿನ ಧೂಳು ಇನ್ನೂ ತಡೀತೈತಿ, ಒಣಾ ಧೂಳಿನ್ಯಾಗ ನುಸಿ ಹುಳಾನೂ ಹತ್ತತಾವ, ಹಸಿ ಅರಬಿಲೇ ವಾರಕ್ಕೊಮ್ಮೆ ಎಲಿಯ ಮ್ಯಾಲ ಕೆಳಗ ಎರಡೂ ಕಡೆ ಒರಸ್ರಿ. ಹಿಟ್ಟು ತಿಗಣಿ ಕಂಡ್ರೂ ಮೊದಲ ಇದ ಉಪಾಯ. ಗೊಬ್ಬರ ಕತ್ತಲದ ಗಿಡಕ್ಕ ಬಾಳ ಕಡಿಮಿ, 19:19:19 (ಸಾರಜನಕ, ರಂಜಕ, ಪೊಟ್ಯಾಶ್ ಮೂರೂ ಸಮ ಇರೋ, ನೀರಾಗ ಕರಗೋ ಗೊಬ್ಬರ) ಇದ್ರ ಲೀಟರ್ ನೀರಿಗೆ 1 ಗ್ರಾಂ, ಎರಡು ತಿಂಗಳಿಗೊಮ್ಮೆ, ಥಂಡ್ಯಾಗ ಅದೂ ಬ್ಯಾಡ.

ಒಟ್ಟಿನ್ಯಾಗ ಯಾರಿಗೆ ಯಾವ್ದು ಅಂತ ಕೇಳಿದ್ರ: ಬೆಳಗಾವ್ಯಾಗ ಪಿಜಿ ಖೋಲ್ಯಾಗ ಇದ್ದು ರಜಾಕ್ಕ ಊರಿಗೆ ಹೋಗೋ ಹುಡುಗ್ರಿಗೆ ಝಡ್‌ಝಡ್ ಒಂದ ಸಾಕು, ತಿಂಗಳಗಟ್ಟಲೆ ಬಾಗಲಾ ಹಾಕಿದ್ರೂ ನಡೀತೈತಿ. ವಿಜಾಪುರದ ಹಳೇ ಮನಿಯ ಪಡಸಾಲಿಗೆ ಹಸರ ಅಗ್ಲೋನೀಮಾ, ಬೆಳಕಿಂಡಿ ಕೆಳಗ ಸ್ನೇಕ್ ಪ್ಲಾಂಟ್. ಬಾಗಲಕೋಟಿ ನವನಗರದ ಮನಿಗಳು ಹೊಸಾವು, ಕಿಡಕಿ ದೊಡ್ಡವು, ಅಲ್ಲಿ ಕತ್ತಲ ಅನ್ನೋದ ಪಾವಟಿಗಿ ಕೆಳಗ ಅಷ್ಟ, ಅಲ್ಲೊಂದು ಝಡ್‌ಝಡ್ ಇಟ್ಟು ಉಳದ ಕಡೆ ಮನಸಿಗೆ ಬಂದದ್ದ ಇಡ್ರಿ. ಇಳಕಲ್, ಗುಳೇದಗುಡ್ಡದಾಗ ಮಗ್ಗದ ಮನ್ಯಾಗ ಕಿಡಕಿ ಬೆಳಕು ಮಗ್ಗಕ್ಕ ಬೇಕು, ಗಿಡಾ ಅಡ್ಡ ಇಡೋದು ಸರಿಯಲ್ಲ, ತೂಗು ಹಾಕೋ ಹಸರ ಮನಿ ಪ್ಲಾಂಟ್ ಅಲ್ಲಿಗೆ ಹೊಂದತೈತಿ.

ತರೋ ಹೊತ್ತು ಜೂನ್ ಜುಲೈ ಇಲ್ಲಾ ಫೆಬ್ರುವರಿ ಇರ್ಲಿ. ಏಪ್ರಿಲ್ ಮೇದಾಗ ಲಾರಿ ಮ್ಯಾಲ ಬಿಸಲಾಗ ಬಂದ ಗಿಡಾ ಅರ್ಧ ಜೀವಾ ಆಗಿರ್ತಾವ. ನರ್ಸರ್ಯಾಗ ಗಿಡಾ ಹಸರ ನೆಟ್ ಕೆಳಗ ನಮ್ಮ ಮನಿಗಿಂತ ಎಷ್ಟೋ ಪಟ್ಟು ಬೆಳಕಿನ್ಯಾಗ ಬೆಳದಿರ್ತಾವ, ತಂದ ಕೂಡಲೇ ಕತ್ತಲಕ್ಕ ಇಡದ ಮೊದಲ ಕಿಡಕಿ ಬಾಜು ಎರಡು ವಾರ, ಆಮೇಲೆ ಸ್ವಲ್ಪ ಸ್ವಲ್ಪ ಒಳಗ ಸರಸ್ರಿ, ಆಗಲೂ ನಾಲ್ಕಾರು ಎಲಿ ಉದರತಾವ, ಗಾಬರಿ ಆಗಬ್ಯಾಡ್ರಿ, ನೀರಂತೂ ಹೆಚ್ಚಿಗೆ ಹಾಕಲೇಬ್ಯಾಡ್ರಿ. ಆರಿಸೋವಾಗ ಹೂವು, ಬಣ್ಣ ನೋಡಬ್ಯಾಡ್ರಿ, ಬುಡಾ ಒತ್ತಿ ನೋಡ್ರಿ ಗಟ್ಟಿ ಐತೋ ಇಲ್ಲೋ, ಎಲಿ ಹೊಳ್ಳಿಸಿ ಹುಳಾ ನೋಡ್ರಿ, ಪಾಟಿನ ಕೆಳಗಿನ ತೂತಿನ್ಯಾಗ ಬೇರ ಬಿಳಿ ಅದಾವೋ ಕಂದು ಆಗ್ಯಾವೋ ನೋಡ್ರಿ. ಬಾಗಲಕೋಟಿ ತೋಟಗಾರಿಕೆ ವಿಶ್ವವಿದ್ಯಾಲಯ 2008ರಿಂದ ನಡದೈತಿ, ಗೋಕಾಕ ಹತ್ರದ ಅರಭಾವ್ಯಾಗ ಅದರ ಕಾಲೇಜೂ ಐತಿ, ತೋಟಗಾರಿಕೆ ಮೇಳ ನಡದಾಗ ಹೋದ್ರ ಗಿಡಾ ಮಾರೋರಿಗೆ ಅಷ್ಟ ಅಲ್ಲ, ಕಲಿಸೋರಿಗೂ ನೇರ ಕೇಳಾಕ ಸಿಗ್ತೈತಿ, ಹೋಗೋವಾಗ ನಿಮ್ಮ ಖೋಲಿಯ ಮಧ್ಯಾಹ್ನದ ಲಕ್ಸ್ ಎಷ್ಟು, ಮನಿ ನೀರು ಸವಳೋ ಸೀನೋ ಅನ್ನೋದು ಬರಕೊಂಡ ಹೋಗ್ರಿ.